'ಸೂಪರ್‌ವೈಸರ್' ಎಂದರೆ ಯಾರು? – ಪದನಾಮ, ಕೆಲಸ ಮತ್ತು ಕಾನೂನು

ಕಳೆದ ಅಡಿಕೆ ಸುಗ್ಗಿಯ ಸಮಯದಲ್ಲಿ ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿರುವ ಕಕ್ಷಿದಾರರೊಬ್ಬರ ಮನೆಗೆ ಲೆಕ್ಕಪತ್ರಗಳ ಪರಿಶೀಲನೆಗೆಂದು ಹೋಗಿದ್ದೆ. ಅವರಿಗೆ ತೋಟದ ಜೊತೆಗೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಸಣ್ಣದೊಂದು ಘಟಕವಿದೆ; ನೆರೆಹೊರೆಯ ಬೆಳೆಗಾರರಿಂದ ಹಸಿ ಅಡಿಕೆಯನ್ನೂ ಖರೀದಿಸುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಅವರು ಒಂದು ಕಾಗದವನ್ನು ನನ್ನ ಮುಂದಿಟ್ಟರು. ತಮ್ಮಲ್ಲಿ ಹದಿನೈದು ವರ್ಷಗಳಿಂದ ದುಡಿಯುತ್ತಿರುವ ಒಬ್ಬರಿಗೆ ಬೈಕ್ ಸಾಲ ಬೇಕಾಗಿದ್ದು, ಬ್ಯಾಂಕಿನವರು ಸಂಬಳದ ಪ್ರಮಾಣಪತ್ರ ಕೇಳಿದ್ದರಂತೆ. ಅದರಲ್ಲಿ "ಇವರು ನಮ್ಮಲ್ಲಿ ಸೂಪರ್‌ವೈಸರ್ ಆಗಿ ಸೇವೆ ಸಲ್ಲಿಸುತ್ತಿದ್ದಾರೆ" ಎಂದು ಬೆರಳಚ್ಚಾಗಿತ್ತು.

ನಾನು ಆಗತಾನೆ ನೋಡಿ ಮುಗಿಸಿದ್ದ ಖಾತೆ ಪುಸ್ತಕದಲ್ಲಿ ಅದೇ ವ್ಯಕ್ತಿಯ ಸಂಬಳವು "ರೈಟರ್ ಸಂಬಳ" ಎಂಬ ಶೀರ್ಷಿಕೆಯಲ್ಲಿ ಖರ್ಚು ಬಿದ್ದಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಮೇಸ್ತ್ರಿ" ಎಂದಿತ್ತು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಹೆಂಗಸರೂ "ಮೇಸ್ತ್ರಿಗಳೇ" ಎಂದೇ ಕೂಗುತ್ತಿದ್ದರು. ಒಬ್ಬನೇ ಮನುಷ್ಯ, ಮೂರು ದಾಖಲೆ, ಮೂರು ಹೆಸರು. ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ, "ಮೇಸ್ತ್ರಿ ಅಂತ ಬರೆದ್ರೆ ಬ್ಯಾಂಕಿನವರು ಹಿಂದೆ ಮುಂದೆ ನೋಡ್ತಾರೆ ಸಾರ್. ಸೂಪರ್‌ವೈಸರ್ ಅಂದ್ರೆ ಸ್ವಲ್ಪ ಗೌರವ ಅಲ್ವಾ" ಎಂದರು.

ಗೌರವ ನೀಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಉದ್ಯೋಗದಾತನು ತನ್ನ ಸಹಿ ಮತ್ತು ಮೊಹರಿನೊಂದಿಗೆ ಬರೆದುಕೊಡುವ ಪದವು ಗೌರವದ ಮಾತಾಗಿ ಮಾತ್ರ ಉಳಿಯುವುದಿಲ್ಲ, ಅದು ದಾಖಲೆಯಾಗುತ್ತದೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವರ್ತಕ ಬಾಂಧವರಲ್ಲಿಯೂ ಸಣ್ಣ ಉತ್ಪಾದಕರಲ್ಲಿಯೂ ಈ ಪದದ ಬಗ್ಗೆ ಎರಡು ತಪ್ಪು ಕಲ್ಪನೆಗಳನ್ನು ಕಂಡಿದ್ದೇನೆ. ಸೂಪರ್‌ವೈಸರ್ ಎಂದು ಬರೆದರೆ ಆ ವ್ಯಕ್ತಿಯು ಕಾರ್ಮಿಕ ಕಾನೂನಿನ ಹೊರಗೆ ಹೋಗುತ್ತಾನೆ ಎಂಬುದು ಒಂದು. ಹಾಗೆ ಬರೆಯುವುದರಿಂದ ಏನೂ ಆಗುವುದಿಲ್ಲ, ಅದೊಂದು ಹೆಸರಷ್ಟೇ ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ಪದದ ಪೂರ್ವಾಪರ

ಮೊದಲು ಪದವನ್ನೇ ನೋಡೋಣ. ಇಂಗ್ಲಿಷಿನ 'ಸೂಪರ್‌ವೈಸರ್' ಲ್ಯಾಟಿನ್ ಮೂಲದ್ದು. 'ಸೂಪರ್' ಎಂದರೆ ಮೇಲೆ, 'ವಿದೇರೆ' ಎಂದರೆ ನೋಡುವುದು; ಮೇಲಿನಿಂದ ನೋಡುವವನು ಎಂಬುದು ಇದರ ಅಕ್ಷರಾರ್ಥ. ಲೋಕೋಪಯೋಗಿ ಇಲಾಖೆಯ ಮೂಲಕ ನಮ್ಮ ಹಳ್ಳಿಗಳಿಗೂ ಬಂದ 'ಓವರ್‌ಸಿಯರ್' ಎಂಬುದೂ ಅದೇ ಅರ್ಥದ್ದು, ಅಚ್ಚ ಇಂಗ್ಲಿಷ್ ಧಾತುಗಳಿಂದ ಆದುದು. ಕನ್ನಡದಲ್ಲಿ ನಾವು 'ಮೇಲ್ವಿಚಾರಕ' ಎಂದು ಮಾಡಿಕೊಂಡೆವು. ನೋಡುವ ಜಾಗದಲ್ಲಿ ವಿಚಾರಿಸುವುದನ್ನು ಇಟ್ಟದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಮೂಲಕ್ಕೆ ನಿಷ್ಠರಾಗಿ 'ಮೇಲ್ನೋಟ' ಎಂದಿದ್ದರೆ ಅದು ಕನ್ನಡದಲ್ಲಿ ಆಳಕ್ಕಿಳಿಯದ ನೋಟ ಎಂದಾಗುತ್ತಿತ್ತು. ಇಂಗ್ಲಿಷಿನವರಿಗೂ ಇದೇ ಪೇಚು ಬಂದಿದೆ: ಅವರ 'ಓವರ್‌ಸೈಟ್' ಎಂಬ ಪದಕ್ಕೆ ಮೇಲ್ವಿಚಾರಣೆ ಎಂದೂ ಅರ್ಥವಿದೆ, ಕಣ್ತಪ್ಪು ಎಂದೂ ಅರ್ಥವಿದೆ. ಲೆಕ್ಕ ಪರಿಶೋಧಕರಾದ ನಾವು ಈ ಎರಡನ್ನೂ ಒಂದೇ ಕಡತದಲ್ಲಿ ಕಾಣುವುದುಂಟು.

ಇಂಗ್ಲಿಷ್ ಪದ ಬರುವುದಕ್ಕೆ ಮುಂಚೆಯೂ ಈ ಕೆಲಸ ನಮ್ಮಲ್ಲಿತ್ತು. ಘಟ್ಟದ ತಗ್ಗಿನಿಂದ ಆಳುಗಳನ್ನು ಕೂಡಿಸಿಕೊಂಡು ಮಲೆನಾಡಿಗೆ ಬರುತ್ತಿದ್ದ ಮುಂದಾಳನ್ನು 'ಸೇರೆಗಾರ' ಎನ್ನುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಈ ಪದ ಹೊಸದಲ್ಲ. ಸೇರೆಗಾರನು ಮುಂಗಡ ಹಣ ಪಡೆದು, ಆಳುಗಳಿಗೆ ಹಂಚಿ, ಕೆಲಸ ಮಾಡಿಸಿ, ಲೆಕ್ಕ ಒಪ್ಪಿಸುತ್ತಿದ್ದನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಅರ್ಧ ಗುತ್ತಿಗೆದಾರ, ಅರ್ಧ ಮೇಲ್ವಿಚಾರಕ. ಕಾಫಿ ತೋಟಗಳಲ್ಲಿ ಇದೇ ಜಾಗದಲ್ಲಿ 'ಮೇಸ್ತ್ರಿ' ನಿಂತನು. ಇದು ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದ ಪದ; ಇಂಗ್ಲಿಷಿನ 'ಮಾಸ್ಟರ್' ಕೂಡ ಅದೇ ಲ್ಯಾಟಿನ್ ಮೂಲದ್ದು. ಹಾಗಾಗಿ ಶಾಲೆಯ ಮೇಷ್ಟ್ರೂ ತೋಟದ ಮೇಸ್ತ್ರಿಯೂ ಪದದ ಲೆಕ್ಕದಲ್ಲಿ ದಾಯಾದಿಗಳು. ಹಾಜರಿ ಬರೆದು ಬಟವಾಡೆಯ ಲೆಕ್ಕ ಇಡುವವರು 'ರೈಟರು' ಆದರು. ಉರ್ದುವಿನ ಕಡೆಯಿಂದ ಬಂದ 'ಉಸ್ತುವಾರಿ'ಯು ಈಗ ಹೆಚ್ಚಾಗಿ ಮಂತ್ರಿಗಳ ಪಾಲಾಗಿದೆ.

ಇದೇ ವರ್ಗದ 'ಫೋರ್‌ಮನ್' ಎಂಬ ಪದದ ಬಗ್ಗೆ ಮಾತ್ರ ವರ್ತಕರು ಸ್ವಲ್ಪ ಎಚ್ಚರ ವಹಿಸಬೇಕು. ಕಾರ್ಖಾನೆಯಲ್ಲಿ ಫೋರ್‌ಮನ್ ಎಂದರೆ ಕೆಲಸಗಾರರ ಮುಂದಾಳು, ಸಂಬಳದ ನೌಕರ. ಆದರೆ 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಫೋರ್‌ಮನ್ ಎಂದರೆ ಚೀಟಿ ನಡೆಸುವವನು. ಎಲ್ಲ ಹೊಣೆಯೂ ಅವನದೇ. ಅವನ ಕಮಿಷನ್ನಿನ ಗರಿಷ್ಠ ಮಿತಿಯನ್ನು 2019ರ ತಿದ್ದುಪಡಿಯಲ್ಲಿ ಶೇ. 5ರಿಂದ ಶೇ. 7ಕ್ಕೆ ಏರಿಸಲಾಯಿತು. ಒಂದೇ ಪದ ಒಂದು ಕಾಯ್ದೆಯಲ್ಲಿ ಆಳು, ಇನ್ನೊಂದರಲ್ಲಿ ಧಣಿ.

ಕಾನೂನು ಏನನ್ನು ನೋಡುತ್ತದೆ

1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 2(ಎಸ್) ಉಪವಿಧಿಯು ಕಾರ್ಮಿಕ ಎಂದರೆ ಯಾರು ಎಂಬುದನ್ನು ಹೇಳುತ್ತಿತ್ತು. ಮುಖ್ಯವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಹುದ್ದೆಯಲ್ಲಿರುವವರು ಎಷ್ಟೇ ಸಂಬಳ ಪಡೆಯಲಿ, ಕಾರ್ಮಿಕರಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿರುವವರು ಮಾತ್ರ ಒಂದು ಗೊತ್ತಾದ ಮೊತ್ತಕ್ಕಿಂತ ಹೆಚ್ಚು ಸಂಬಳ ಪಡೆದರೆ ಹೊರಗೆ, ಇಲ್ಲದಿದ್ದರೆ ಒಳಗೆ. ಈ ಮೊತ್ತವು 1956ರ ತಿದ್ದುಪಡಿಯಲ್ಲಿ ತಿಂಗಳಿಗೆ ರೂ. 500 ಎಂದಿತ್ತು. 1984ರಲ್ಲಿ ರೂ. 1,600 ಆಯಿತು. ಬಳಿಕ ಇಪ್ಪತ್ತಾರು ವರ್ಷಗಳ ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಒಮ್ಮೆಲೇ ರೂ. 10,000ಕ್ಕೆ ಏರಿತು. 1990ರ ದಶಕದ ವೇಳೆಗೆ ರೂ. 1,600ಕ್ಕಿಂತ ಕಡಿಮೆ ಪಡೆಯುವ ಮೇಲ್ವಿಚಾರಕರೇ ವಿರಳವಾಗಿದ್ದುದರಿಂದ, ಆ ಅವಧಿಯ ದಾವೆಗಳೆಲ್ಲವೂ ಒಂದೇ ಪ್ರಶ್ನೆಯ ಸುತ್ತ ನಡೆದವು: ಈ ಮನುಷ್ಯ ನಿಜಕ್ಕೂ ಮೇಲ್ವಿಚಾರಣೆ ಮಾಡುತ್ತಿದ್ದನೇ?

ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ನೀಡಿದ ಉತ್ತರಗಳು ವ್ಯಾಪಾರಸ್ಥರಿಗೆ ಸುಲಭವಾಗಿ ತಿಳಿಯುವಂತಹವೇ ಆಗಿವೆ. ಆನಂದ ಬಜಾರ್ ಪತ್ರಿಕೆಯ 1969ರ ಪ್ರಕರಣದಲ್ಲಿ ಭವಿಷ್ಯ ನಿಧಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದ, ಕೈಕೆಳಗೆ ಸಹಾಯಕರೂ ಇದ್ದ ಉದ್ಯೋಗಿಯೊಬ್ಬರ ಪ್ರಶ್ನೆ ಬಂದಿತ್ತು. ಅವರು ಕೆಲಸ ಹಂಚುತ್ತಿದ್ದುದು, ರಜೆಗೆ ಶಿಫಾರಸು ಮಾಡುತ್ತಿದ್ದುದು ನಿಜ. ಆದರೆ ಅವರ ದಿನದ ಮುಖ್ಯ ಭಾಗ ಗುಮಾಸ್ತಿಕೆಯಲ್ಲೇ ಕಳೆಯುತ್ತಿದ್ದುದರಿಂದ ಅವರು ಕಾರ್ಮಿಕರೇ ಎಂದು ತೀರ್ಮಾನವಾಯಿತು. ಮುಖ್ಯ ಕೆಲಸ ಯಾವುದು, ಪ್ರಾಸಂಗಿಕ ಕೆಲಸ ಯಾವುದು ಎಂದು ನೋಡಬೇಕು ಎಂಬುದು ಅಲ್ಲಿಂದ ಬಂದ ಸೂತ್ರ.

1988ರ ಕಾನೂನು ವರದಿಗಳಲ್ಲಿರುವ ನ್ಯಾಷನಲ್ ಎಂಜಿನಿಯರಿಂಗ್ ಇಂಡಸ್ಟ್ರೀಸ್ ಪ್ರಕರಣವು ನಮ್ಮ ವೃತ್ತಿಗೆ ಹತ್ತಿರದ್ದು. ಅಲ್ಲಿದ್ದವರು ಕಂಪನಿಯ ಆಂತರಿಕ ಲೆಕ್ಕ ತನಿಖಾಧಿಕಾರಿ. ಅವರ ಕೆಲಸ ತಾಳೆ ನೋಡುವುದು, ಕಂಡದ್ದನ್ನು ಮೇಲಿನವರಿಗೆ ವರದಿ ಮಾಡುವುದು. ವರದಿ ಮಾಡುವುದು ಬೇರೆ, ಸಂಸ್ಥೆಯನ್ನು ಕಟ್ಟಿಹಾಕುವಂತಹ ತೀರ್ಮಾನ ಕೈಗೊಳ್ಳುವುದು ಬೇರೆ ಎಂದ ನ್ಯಾಯಾಲಯವು ಅವರನ್ನು ಕಾರ್ಮಿಕರೆಂದೇ ಪರಿಗಣಿಸಿತು. 'ಅಧಿಕಾರಿ' ಎಂಬ ಹೆಸರಿದ್ದ ಮಾತ್ರಕ್ಕೆ ಅಧಿಕಾರ ಇರಬೇಕೆಂದಿಲ್ಲವೆಂದು ನಮ್ಮವರಿಗೂ ಆಗ ತಿಳಿಯಿತು.

ಇದಕ್ಕೆ ವಿರುದ್ಧ ದಿಕ್ಕಿನದು 1994ರ ಕರೋನಾ ಸಾಹು ಪ್ರಕರಣ. ಪಾದರಕ್ಷೆ ಕಂಪನಿಯ ಮಳಿಗೆಯೊಂದರ ಮ್ಯಾನೇಜರು ತಾನು ಕಾರ್ಮಿಕನೆಂದು ವಾದಿಸಿದರು. ಆದರೆ ಆ ಮಳಿಗೆಯ ನಿತ್ಯದ ಆಡಳಿತವೂ ಅಲ್ಲಿನ ಇತರ ನೌಕರರೂ ಅವರ ಅಧೀನದಲ್ಲಿದ್ದರು. ಕೆಲವು ಗುಮಾಸ್ತಿಕೆಯ ಕೆಲಸಗಳನ್ನು ಅವರು ಮಾಡುತ್ತಿದ್ದರೂ ಮುಖ್ಯ ಹೊಣೆ ಆಡಳಿತದ್ದಾದ್ದರಿಂದ ಅವರು ಕಾರ್ಮಿಕರಲ್ಲ ಎಂದಾಯಿತು. ಬೇರೆ ಊರಿನಲ್ಲಿ ಶಾಖೆ ತೆರೆದು ಒಬ್ಬರಿಗೆ ವಹಿಸಿರುವ ಸದಸ್ಯ ಮಿತ್ರರು ಈ ಪ್ರಕರಣವನ್ನು ನೆನಪಿಡಬಹುದು. ಮೂರರಲ್ಲಿಯೂ ಸಾಮಾನ್ಯವಾದ ಅಂಶವೆಂದರೆ, ನ್ಯಾಯಾಲಯವು ಪದನಾಮವನ್ನು ಬದಿಗಿಟ್ಟು ಕೆಲಸವನ್ನು ನೋಡಿತು.

ಕಾಫಿ ತೋಟಗಳಿಗೆ ಅನ್ವಯವಾಗುತ್ತಿದ್ದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು ಇನ್ನೂ ಸರಳವಾಗಿತ್ತು. ಅದು ಕಾರ್ಮಿಕನಲ್ಲದವರ ಪಟ್ಟಿಯಲ್ಲಿ ಮೇಲ್ವಿಚಾರಕ ಎಂಬ ವರ್ಗವನ್ನೇ ಹೇಳಿರಲಿಲ್ಲ. ಮುಖ್ಯವಾಗಿ ವ್ಯವಸ್ಥಾಪಕನೇ, ಸಂಬಳ ಮಿತಿಯ ಒಳಗಿದೆಯೇ ಎಂಬೆರಡನ್ನೇ ಅಲ್ಲಿ ಮುಖ್ಯವಾಗಿ ಕೇಳಲಾಗುತ್ತಿತ್ತು. ಹಾಗಾಗಿ ಮಿತಿಯೊಳಗಿನ ಮೇಸ್ತ್ರಿಯೂ ರೈಟರೂ ಕಾರ್ಮಿಕರೇ ಆಗಿದ್ದರು. ಅಡಿಕೆ ತೋಟಗಳು ಆ ಕಾಯ್ದೆಯ ಪಟ್ಟಿಯಲ್ಲಿರಲಿಲ್ಲ.

ಒಂದು ಅಕ್ಕಿ ಗಿರಣಿಯ ಪ್ರಸಂಗ

ನನ್ನ ಅನುಭವಕ್ಕೆ ಬಂದ ಒಂದು ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹೆಸರು, ಊರು ಬೇಡ. ನಮ್ಮ ಭಾಗದ ಅಕ್ಕಿ ಗಿರಣಿಯೊಂದರಲ್ಲಿ ಹನ್ನೆರಡು ಜನ ಕೆಲಸಕ್ಕಿದ್ದರು. ಅವರಲ್ಲಿ ಒಬ್ಬರು 1992ರಲ್ಲಿ ಹಮಾಲಿಯಾಗಿ ಸೇರಿ, ಯಂತ್ರದ ಕೆಲಸ ಕಲಿತು, ಮಾಲೀಕರ ನಂಬಿಕೆಗೆ ಪಾತ್ರರಾದವರು. 2009ರಲ್ಲಿ ಅವರು ತಿಂಗಳಿಗೆ ರೂ. 500 ಹೆಚ್ಚಿಗೆ ಕೇಳಿದರು. ಆ ವರ್ಷ ವ್ಯಾಪಾರ ಚೆನ್ನಾಗಿರಲಿಲ್ಲ. ಮಾಲೀಕರು ಹಣದ ಬದಲಿಗೆ ಲೆಟರ್‌ಹೆಡ್ಡಿನಲ್ಲಿ ಒಂದು ಆದೇಶ ಕೊಟ್ಟರು: ಇಂದಿನಿಂದ ನಿಮ್ಮನ್ನು ಸೂಪರ್‌ವೈಸರ್ ಹುದ್ದೆಗೆ ಬಡ್ತಿ ನೀಡಲಾಗಿದೆ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿ ಮನೆಯಲ್ಲಿ ಇಟ್ಟುಕೊಂಡರು. ಸಂಬಳ ಏರಿಸಲಾಗದ ವರ್ಷ ಪದವಿಯನ್ನು ಏರಿಸುವುದು ನಮ್ಮಲ್ಲಿ ಬಹಳ ಕಡೆ ನಡೆದುಬಂದಿದೆ, ಹಾಗಾಗಿ ಆ ಮಾಲೀಕರನ್ನೊಬ್ಬರನ್ನೇ ದೂರಲಾರೆ.

ಭತ್ತದ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟಗಳಾದ ಮೇಲೆ ಗಿರಣಿಗೆ ಭತ್ತ ಬರುವುದು ಕಡಿಮೆಯಾಯಿತು. 2014ರಲ್ಲಿ ಮಾಲೀಕರು ಕೆಲವರನ್ನು ಬಿಡಿಸಬೇಕಾಯಿತು. ಆಗ ರೂ. 11,500 ಸಂಬಳವಿದ್ದ ಈ ಹಿರಿಯರನ್ನು ಕರೆದು, ಒಂದು ತಿಂಗಳ ಸಂಬಳ ಕೈಗಿತ್ತು, ಇನ್ನು ಬರುವುದು ಬೇಡ ಎಂದರು. ಬೇರೆಯವರಿಗೆ ಕಾನೂನಿನಂತೆ ಪರಿಹಾರ ಕೊಟ್ಟಿದ್ದರು. ಇವರಿಗೇಕೆ ಇಲ್ಲವೆಂದರೆ, ಇವರು ಸೂಪರ್‌ವೈಸರ್, ಸಂಬಳ ರೂ. 10,000ಕ್ಕಿಂತ ಹೆಚ್ಚು, ಆದ್ದರಿಂದ ಕಾರ್ಮಿಕರಲ್ಲ ಎಂಬ ವಾದ.

ಅವರು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟರು. ರಾಜಿ ಸಂಧಾನಕ್ಕೆ ದಾಖಲೆಗಳನ್ನು ಒದಗಿಸುವಾಗ ಗಿರಣಿಯ ಪುಸ್ತಕಗಳನ್ನು ನಾನು ನೋಡಬೇಕಾಗಿ ಬಂತು. 2009ರ ಆದೇಶದಲ್ಲಿಯೇ ಅವರ ಕರ್ತವ್ಯಗಳನ್ನು ಹೀಗೆ ಪಟ್ಟಿ ಮಾಡಲಾಗಿತ್ತು: ಬೆಳಿಗ್ಗೆ ಬೀಗ ತೆಗೆಯುವುದು, ಯಂತ್ರಕ್ಕೆ ಎಣ್ಣೆ ಹಾಕುವುದು, ತೂಕ ಮಾಡುವುದು, ಚೀಲ ಹೊಲಿಯುವುದು, ಲಾರಿಗೆ ಲೋಡ್ ಮಾಡಿಸುವುದು, ಹಾಜರಿ ಗುರುತು ಹಾಕುವುದು. ಹಾಜರಿ ಹಾಕುತ್ತಿದ್ದರು, ನಿಜ. ಆದರೆ ಒಬ್ಬರಿಗಾದರೂ ರಜೆ ಮಂಜೂರು ಮಾಡಿದ ಒಂದು ಚೀಟಿಯೂ ಸಿಗಲಿಲ್ಲ. ಗೇಟ್ ಪಾಸಿಗೆ ಮಾಲೀಕರದ್ದೇ ಸಹಿ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ, ಎಚ್ಚರಿಕೆ ಕೊಡುವುದಕ್ಕೆ ಅವರಿಗೆ ಹಕ್ಕಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಮಾಲಿಗಳು ಕಡಿಮೆಯಾದ ದಿನಗಳಲ್ಲಿ ಇವರಿಗೂ ಚೀಲಕ್ಕಿಷ್ಟೆಂದು ಹೊರೆ ಕೂಲಿ ಕೊಟ್ಟ ನಗದು ವೋಚರುಗಳು ನಾನೇ ತಪಾಸಣೆ ಮಾಡಿ ಗುರುತು ಹಾಕಿದ ಕಟ್ಟಿನಲ್ಲಿದ್ದವು.

ಅವರನ್ನು ಆ ದಿನಗಳಲ್ಲಿ ಒಮ್ಮೆ ಮಾತನಾಡಿಸಿದ್ದೆ. "ಸಾರ್, ಸೂಪರ್‌ವೈಸರ್ ಅಂದ್ರೆ ಏನ್ ಮಾಡ್ಬೇಕು ಅಂತ ನಂಗೆ ಯಾರೂ ಹೇಳ್ಲಿಲ್ಲ. ಮುಂಚೆ ಏನ್ ಮಾಡ್ತಿದ್ನೋ ಅದನ್ನೇ ಮಾಡ್ದೆ" ಎಂದರು. ವಕೀಲರು ಇಡೀ ಕಡತ ಓದಿ ಹೇಳಿದ್ದೂ ಬಹುತೇಕ ಇದನ್ನೇ.

ಕೊನೆಗೆ ರಾಜಿಯಾಯಿತು. ಲೆಕ್ಕವನ್ನು ನಾನೇ ಮಾಡಿಕೊಟ್ಟೆ. 22 ವರ್ಷಗಳ ಸೇವೆಗೆ, ತಿಂಗಳಿಗೆ 26 ದಿನದಂತೆ ಹಿಡಿದು, ವರ್ಷಕ್ಕೆ 15 ದಿನದ ಗ್ರಾಚ್ಯುಟಿ ರೂ. 1,45,962. ಹಿಂಬಡ್ತಿಯಲ್ಲದ ಕೆಲಸ ಕಡಿತಕ್ಕೆ ವರ್ಷಕ್ಕೆ ಅರ್ಧ ತಿಂಗಳಿನಂತೆ ಪರಿಹಾರ ರೂ. 1,26,500. ನೋಟೀಸಿನ ತಿಂಗಳ ಸಂಬಳ ಮೊದಲೇ ಸಂದಿತ್ತು. ಒಟ್ಟು ರೂ. 2,72,462, ಗ್ರಾಚ್ಯುಟಿ ತಡವಾದುದಕ್ಕೆ ವರ್ಷಕ್ಕೆ ಶೇ. 10ರ ಸರಳ ಬಡ್ಡಿ ಬೇರೆ. 2009ರಲ್ಲಿ ಕೇಳಿದ್ದ ರೂ. 500ನ್ನು ಕೊಟ್ಟಿದ್ದರೆ ಐದು ವರ್ಷಕ್ಕೆ ರೂ. 30,000 ಆಗುತ್ತಿತ್ತು ಎಂದು ಮಾಲೀಕರು ಆಮೇಲೆ ನೊಂದುಕೊಂಡರು. ಆದರೆ ಅದು ಸರಿಯಾದ ಹೋಲಿಕೆಯಲ್ಲವೆಂದು ನಾನು ಅವರಿಗೆ ಹೇಳಬೇಕಾಯಿತು. ಗ್ರಾಚ್ಯುಟಿಯು ಸೂಪರ್‌ವೈಸರಿಗೂ ಬರುತ್ತದೆ, ಮ್ಯಾನೇಜರಿಗೂ ಬರುತ್ತದೆ. ಅದನ್ನು ಯಾವ ಪದನಾಮವೂ ತಪ್ಪಿಸುವುದಿಲ್ಲ. ಆ ಪದವನ್ನು ನಂಬಿ ಅವರು ಕಳೆದುಕೊಂಡದ್ದು ಹದಿನಾಲ್ಕು ತಿಂಗಳು, ವಕೀಲರ ಶುಲ್ಕ, ಮತ್ತು 22 ವರ್ಷದ ಒಬ್ಬ ಮನುಷ್ಯನ ವಿಶ್ವಾಸ. ಆ ಹದಿನಾಲ್ಕು ತಿಂಗಳು ಇತ್ತ ಅವರ ಮನೆಯಲ್ಲಿ ಸಂಬಳವೂ ಇರಲಿಲ್ಲ, ಬರಬೇಕಾದ ಹಣವೂ ಇರಲಿಲ್ಲ.

ಈಗಿನ ಸ್ಥಿತಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೇಲೆ ಹೇಳಿದ 1947ರ ಮತ್ತು 1951ರ ಕಾಯ್ದೆಗಳ ಸ್ಥಾನವನ್ನು ಇವು ತೆಗೆದುಕೊಂಡಿವೆ. ಮೇಲ್ವಿಚಾರಕ ಎಂಬ ವರ್ಗ ಉಳಿದಿದೆ, ಮೊತ್ತ ಬದಲಾಗಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ತಿಂಗಳಿಗೆ ರೂ. 18,000ಕ್ಕಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕನು ಕಾರ್ಮಿಕನಲ್ಲ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿಯೂ ಇದೇ ಮೊತ್ತ. ಆದರೆ 2019ರ ವೇತನ ಸಂಹಿತೆಯಲ್ಲಿ ಅದು ರೂ. 15,000. ಹೀಗಾಗಿ ರೂ. 16,500 ಪಡೆಯುವ ನಿಜವಾದ ಮೇಲ್ವಿಚಾರಕನು ಒಂದು ಸಂಹಿತೆಯಲ್ಲಿ ಕಾರ್ಮಿಕ, ಇನ್ನೊಂದರಲ್ಲಿ ಅಲ್ಲ. ಒಂದೇ ಸಂಸತ್ತು ಒಂದು ವರ್ಷದ ಅಂತರದಲ್ಲಿ ಎರಡು ಮೊತ್ತಗಳನ್ನು ಏಕೆ ಇಟ್ಟಿತೋ ನನಗೆ ಅರ್ಥವಾಗಿಲ್ಲ.

ಇದಕ್ಕಿಂತ ಮುಖ್ಯವಾದುದು 'ವೇತನ' ಎಂಬುದರ ಹೊಸ ವ್ಯಾಖ್ಯೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಕಮಿಷನ್, ಓವರ್‌ಟೈಮ್ ಮುಂತಾದವು ಸೇರುವುದಿಲ್ಲ. ಆದರೆ ಹೀಗೆ ಹೊರಗಿಟ್ಟವು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟು ಮೊತ್ತವನ್ನು ವೇತನಕ್ಕೆ ಮರಳಿ ಕೂಡಿಸಬೇಕು. ಒಂದು ಉದಾಹರಣೆ ನೋಡೋಣ. ನಿಮ್ಮ ಅಂಗಡಿಯ ಗೋದಾಮು ನೋಡಿಕೊಳ್ಳುವವರಿಗೆ ತಿಂಗಳಿಗೆ ಒಟ್ಟು ರೂ. 26,000 ಕೊಡುತ್ತೀರಿ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ರೂ. 11,000, ಮನೆ ಬಾಡಿಗೆ ರೂ. 8,000, ಪ್ರಯಾಣ ಭತ್ಯೆ ರೂ. 4,000, ಕಮಿಷನ್ ರೂ. 3,000. ಹೊರಗಿಡುವ ಮೊತ್ತ ರೂ. 15,000, ಒಟ್ಟಿನ ಅರ್ಧ ರೂ. 13,000; ಮೀರಿದ್ದು ರೂ. 2,000. ಅದನ್ನು ಕೂಡಿಸಿದರೆ ಕಾನೂನಿನ ದೃಷ್ಟಿಯಲ್ಲಿ ವೇತನ ರೂ. 13,000. ಅಂದರೆ ಕೈಗೆ ರೂ. 26,000 ಹೋಗುತ್ತಿದ್ದರೂ, ಅವರು ನೂರಕ್ಕೆ ನೂರು ಮೇಲ್ವಿಚಾರಣೆಯನ್ನೇ ಮಾಡುತ್ತಿದ್ದರೂ, ಅವರು ಎಲ್ಲ ಸಂಹಿತೆಗಳಲ್ಲಿಯೂ ಕಾರ್ಮಿಕರೇ. ಭವಿಷ್ಯ ನಿಧಿಯ ವಂತಿಗೆ ಉಳಿಸಲೆಂದು ಮೂಲ ವೇತನವನ್ನು ಕಡಿಮೆ ತೋರಿಸಿದ ಸಂಬಳ ಪಟ್ಟಿಗಳು ಇಲ್ಲಿ ಮಾಲೀಕರಿಗೇ ತಿರುಗಿ ಬೀಳುತ್ತವೆ.

ಕಾರ್ಮಿಕನಲ್ಲ ಎಂದಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಸಂಹಿತೆಗಳಲ್ಲಿ 'ಕಾರ್ಮಿಕ' ಬೇರೆ, 'ಉದ್ಯೋಗಿ' ಬೇರೆ. ಉದ್ಯೋಗಿ ಎಂಬುದರಲ್ಲಿ ಮೇಲ್ವಿಚಾರಕರೂ ವ್ಯವಸ್ಥಾಪಕರೂ ಸೇರುತ್ತಾರೆ. ಕನಿಷ್ಠ ವೇತನ, ಸಕಾಲದ ಬಟವಾಡೆ, ಗ್ರಾಚ್ಯುಟಿ ಇವು ಉದ್ಯೋಗಿಗೆ ಸಲ್ಲುವಂಥವು. ಇ.ಎಸ್.ಐ. ಕೂಡ ಹುದ್ದೆಯ ಹೆಸರು ಕೇಳುವುದಿಲ್ಲ. 2017ರ ಜನವರಿಯಲ್ಲಿ ರೂ. 21,000 ಎಂದಾದ ವೇತನ ಮಿತಿಯನ್ನಷ್ಟೇ ಕೇಳುತ್ತದೆ. ಬೋನಸ್ಸಿನ 1965ರ ಕಾಯ್ದೆಯಲ್ಲಂತೂ ಮೇಲ್ವಿಚಾರಣೆಯ ಕೆಲಸ ಎಂದು ಹೆಸರಿಸಿಯೇ ಸೇರಿಸಲಾಗಿತ್ತು.

ಕನಿಷ್ಠ ವೇತನದ ಮಾತು ಬಂದುದರಿಂದ ಒಂದು ಸಂಗತಿ ನೆನಪಾಗುತ್ತದೆ. ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ 'ಬೇಗಾರ್' ಮತ್ತು ಅಂತಹ ಇತರ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಇದು ಪಾರಸಿ ಮೂಲದ ಪದ, ನಮ್ಮ 'ಬಿಟ್ಟಿ'ಗೆ ಸಮಾನ. ನಮ್ಮ ಬೇಗಾರಿಗೂ ಆ ಪದಕ್ಕೂ ನಂಟು ಕಟ್ಟುವ ಅಗತ್ಯವಿಲ್ಲ. ಆದರೆ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ಕೆಲಸವೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಹಂಡೆಯ ಮುಂದೆ ನಿಲ್ಲಿಸಿಕೊಂಡು, "ನೀನು ಸೂಪರ್‌ವೈಸರ್ ಅಲ್ವಾ, ನಿಂಗೆಂಥ ಓವರ್‌ಟೈಮು" ಎನ್ನುವವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೆಲಸದ ಒಟ್ಟು ಗಂಟೆಗಳಿಗೆ ಭಾಗಿಸಿದರೆ ಅವರ ಕೂಲಿಯು ಅದೇ ಹಂಡೆಗೆ ಸೌದೆ ಹಾಕುವವನ ಕೂಲಿಗಿಂತ ಕಡಿಮೆ ಬರುವುದನ್ನು ನಾನು ಕಂಡಿದ್ದೇನೆ.

ಗುತ್ತಿಗೆಯ ಕೆಲಸದಲ್ಲಿಯೂ 'ಮೇಲ್ವಿಚಾರಣೆ' ಎಂಬ ಪದಕ್ಕೆ ಬೆಲೆಯಿದೆ. ಗುತ್ತಿಗೆದಾರನ ಆಳುಗಳು ನಿಮ್ಮ ಅಥವಾ ನಿಮ್ಮ ಪ್ರತಿನಿಧಿಯ ಮೇಲ್ವಿಚಾರಣೆಯಲ್ಲಿ ದುಡಿದರೆ ಅವರ ಇ.ಎಸ್.ಐ. ಹೊಣೆ ನಿಮ್ಮ ಮೇಲೆ ಬರುತ್ತಿತ್ತು. ಕಲ್ಕತ್ತಾ ವಿದ್ಯುತ್ ಸರಬರಾಜು ಕಂಪನಿಯ ಪ್ರಕರಣದಲ್ಲಿ, 1992ರ ವರದಿಗಳಲ್ಲಿ ಬಂದಂತೆ, ಮುಗಿದ ಕೆಲಸವನ್ನು ಪರಿಶೀಲಿಸಿ ಒಪ್ಪಿಕೊಳ್ಳುವುದು ಮಾತ್ರ ಮೇಲ್ವಿಚಾರಣೆಯಲ್ಲ, ಕೆಲಸ ನಡೆಯುತ್ತಿರುವಾಗಲೇ ಅದರ ಮೇಲೆ ಕಣ್ಣಿರಬೇಕು ಎಂದಾಯಿತು. ಆದ್ದರಿಂದ ಗುತ್ತಿಗೆ ಕೊಟ್ಟ ಕೆಲಸಕ್ಕೆ ನಿಮ್ಮ ಮೇಸ್ತ್ರಿಯನ್ನು ದಿನವಿಡೀ ನಿಲ್ಲಿಸುವ ಮುನ್ನ ಕರಾರನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಬರವಣಿಗೆಯಲ್ಲಿ ಏನಿರಬೇಕು

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ 6-ಎ ವಿಧಿಯಂತೆ ನೇಮಕವಾದ 30 ದಿನಗಳೊಳಗೆ ಪದನಾಮ, ಸಂಬಳ, ಷರತ್ತುಗಳನ್ನು ನಮೂದಿಸಿದ ನೇಮಕಾತಿ ಆದೇಶ ಕೊಡಬೇಕು. ಹೊಸ ಸುರಕ್ಷತಾ ಸಂಹಿತೆಯೂ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿದೆ. ಹಾಗಾಗಿ ಪದನಾಮ ಬರೆಯದೆ ತಪ್ಪಿಸಿಕೊಳ್ಳುವಂತಿಲ್ಲ. ಸರಿಯಾಗಿ ಬರೆಯುವುದೊಂದೇ ದಾರಿ.

ಒಬ್ಬರನ್ನು ನಿಜವಾಗಿಯೂ ಮೇಲ್ವಿಚಾರಕರನ್ನಾಗಿ ಮಾಡಬೇಕಿದ್ದರೆ ಅವರಿಗೆ ಅಧಿಕಾರ ಕೊಡಿ, ಅದನ್ನು ಆದೇಶದಲ್ಲಿ ಬರೆಯಿರಿ. ಯಾರ ಮೇಲೆ, ಎಷ್ಟು ಜನರ ಮೇಲೆ. ಎಷ್ಟು ದಿನದವರೆಗಿನ ರಜೆಯನ್ನು ಅವರೇ ಮಂಜೂರು ಮಾಡಬಹುದು. ಯಾರು ಯಾವ ಕೆಲಸ ಮಾಡಬೇಕೆಂದು ಅವರೇ ನಿರ್ಧರಿಸಬಹುದೇ. ಎಷ್ಟು ರೂಪಾಯಿಯವರೆಗಿನ ಖರ್ಚಿಗೆ ಅವರ ಸಹಿ ಸಾಕು. ಬರೆದ ಮೇಲೆ ಅವರು ಆ ಅಧಿಕಾರವನ್ನು ಬಳಸಲಿ, ಬಳಸಿದ ಕಾಗದಗಳು ಕಡತದಲ್ಲಿರಲಿ. ನಾವು ಸಣ್ಣ ವ್ಯಾಪಾರಸ್ಥರು ಎಡವುವುದು ಇಲ್ಲಿಯೇ: ಗಲ್ಲಾಪೆಟ್ಟಿಗೆಯ ಬೀಗದ ಕೈ ನಮ್ಮ ಸೊಂಟದಲ್ಲೇ ಇರಬೇಕು, ಆದರೆ ಕಾನೂನಿನ ಮುಂದೆ ಮಾತ್ರ ಬೇರೆಯವರು ಯಜಮಾನರಾಗಿ ಕಾಣಬೇಕು ಎಂದರೆ ನಡೆಯುವುದಿಲ್ಲ. ಹಾಗೆ ಅಧಿಕಾರ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಹಿರಿಯ ಸಹಾಯಕ, ತೂಕದ ಗುಮಾಸ್ತ, ಯಂತ್ರಚಾಲಕ, ಮೇಸ್ತ್ರಿ ಎಂದು ಮಾಡುವ ಕೆಲಸವನ್ನೇ ಬರೆಯಿರಿ. ಖಾತೆ ಪುಸ್ತಕ, ಹಾಜರಿ ಪುಸ್ತಕ, ಸಂಬಳ ಪಟ್ಟಿ, ಇ.ಎಸ್.ಐ. ನೋಂದಣಿ, ಬ್ಯಾಂಕಿಗೆ ಕೊಡುವ ಪತ್ರ ಎಲ್ಲದರಲ್ಲಿಯೂ ಒಂದೇ ಹೆಸರಿರಲಿ.

ಬೇಗಾರಿನ ಆ ಪ್ರಮಾಣಪತ್ರವನ್ನು ಅಂದು ಸಂಜೆಯೇ ಬದಲಾಯಿಸಿ ಬರೆದೆವು. "ಅಡಿಕೆ ಸಂಸ್ಕರಣಾ ಘಟಕದಲ್ಲಿ ಮೇಸ್ತ್ರಿಯಾಗಿ 15 ವರ್ಷಗಳಿಂದ ಖಾಯಂ ಕೆಲಸದಲ್ಲಿದ್ದಾರೆ" ಎಂದು ಬರೆದು, ಹನ್ನೆರಡು ತಿಂಗಳ ಸಂಬಳದ ವಿವರ ಲಗತ್ತಿಸಿದೆವು. ಬ್ಯಾಂಕಿನವರು ಕೇಳಿದ್ದು ಸಂಬಳ ಖಾತೆಗೆ ಜಮೆಯಾಗುತ್ತಿದೆಯೇ ಎಂಬುದೊಂದನ್ನೇ. ಅಲ್ಲಿಯವರೆಗೆ ನಗದು ಕೊಡುತ್ತಿದ್ದವರು ಮುಂದಿನ ತಿಂಗಳಿನಿಂದ ಖಾತೆಗೆ ಹಾಕಲಾರಂಭಿಸಿದ್ದಾರೆ. ಸಾಲ ಮಂಜೂರಾಗಲು ಮೂರು ತಿಂಗಳ ಜಮೆ ಕಾಣಿಸಬೇಕಂತೆ.